ಡೀಸೆಲ್ ಫೋರ್ ವೀಲ್ ಡ್ರೈವ್‌ಗೆ ಟೆಂಪರೇಚರ್ ಗೇಜ್ ಕೂರಿಸಿದ ಅನುಭವ

ಕಡೆಗೂ ಕೆಲಸ ಮುಗಿಯಿತು. ಸ್ಟೀರಿಂಗ್ ಪಕ್ಕದಲ್ಲಿ ಈಗ ಪುಟ್ಟದೊಂದು ಗೇಜ್ ಕೂತಿದೆ. ಎಂಜಿನ್ ನೀರು ಎಷ್ಟು ಡಿಗ್ರಿ ಬಿಸಿಯಾಗಿದೆ ಎಂಬುದನ್ನು ಅಂಕಿಯಲ್ಲೇ ತೋರಿಸುತ್ತದೆ. ಒಂದು ಮಧ್ಯಾಹ್ನದಲ್ಲಿ ಆಗಿಹೋಗುವ ಕೆಲಸ ಎಂದು ಎಲ್ಲರೂ ಹೇಳಿದ್ದರು. ವೈರ್ ಎಳೆಯುವುದು, ಗೇಜ್ ಕೂರಿಸುವುದು ನಿಜಕ್ಕೂ ಅಷ್ಟು ಹೊತ್ತಿನದೇ. ವಾರಗಟ್ಟಲೆ ಹಿಡಿದದ್ದು ಸೆನ್ಸರ್‌ಗೆ ಸರಿಯಾದ ಜಾಗ ಹುಡುಕುವುದು, ಆಮೇಲೆ ಆ ಜಾಗಕ್ಕೆ ಹೊಂದುವ ಥ್ರೆಡ್ (ತಿರುಪಿನ ಎಳೆ) ಹುಡುಕುವುದು. ಇದೇ ಕೆಲಸಕ್ಕೆ ಕೈ ಹಾಕುವವರು ಆ ಎರಡರಲ್ಲಿ ನನ್ನಷ್ಟು ಅಲೆಯದಿರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ.

ಗಾಡಿಯಲ್ಲೇ ಬಿಸಿ ತೋರಿಸುವ ಒಂದು ಮುಳ್ಳು ಇದೆಯಲ್ಲ, ಇನ್ನೊಂದು ಯಾಕೆ ಎಂದು ಮನೆಯವರೂ ಕೇಳಿದರು, ಗ್ಯಾರೇಜಿನವರೂ ಕೇಳಿದರು. ಉತ್ತರ ಇಷ್ಟೇ: ಕಂಪನಿಯಿಂದ ಬಂದ ಮುಳ್ಳನ್ನು ಅಲುಗಾಡದ ಹಾಗೆ ಮಾಡಿಟ್ಟಿರುತ್ತಾರೆ. ಎಷ್ಟೋ ಗಾಡಿಗಳಲ್ಲಿ ನೀರಿನ ಬಿಸಿ 75–80 ಡಿಗ್ರಿ ದಾಟುತ್ತಿದ್ದಂತೆ ಮುಳ್ಳು ನಟ್ಟನಡುವೆ ಬಂದು ನಿಲ್ಲುತ್ತದೆ. 105 ಡಿಗ್ರಿ ಆಸುಪಾಸಿನ ತನಕ ಅಲ್ಲೇ ಇರುತ್ತದೆ. ಏರು ಹತ್ತುವಾಗ ಬಿಸಿ ಹೆಚ್ಚುವುದು, ಇಳಿಜಾರಿನಲ್ಲಿ ಕಡಿಮೆಯಾಗುವುದು ಯಾವ ಎಂಜಿನ್‌ಗಾದರೂ ಸಹಜ. ಅದನ್ನೆಲ್ಲ ತೋರಿಸಿದರೆ ಓಡಿಸುವವರು ಸುಮ್ಮನೆ ಗಾಬರಿಯಾಗುತ್ತಾರೆಂದು ತಯಾರಕರು ಆ ಏರಿಳಿತವನ್ನೇ ಮರೆಮಾಡಿರುತ್ತಾರೆ. ಹೀಗಾಗಿ ಮುಳ್ಳು ನಡುವಿನಿಂದ ಕದಲಿತೆಂದರೆ ಆಗಲೇ ತಡವಾಗಿರುತ್ತದೆ.

ನನ್ನದು ಹಳೆಯ ಟರ್ಬೊ ಡೀಸೆಲ್. ಬ್ಲಾಕ್ (ಎಂಜಿನ್‌ನ ಮುಖ್ಯ ಮೈ) ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂನದು. ಬಿಸಿಗೆ ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿಯೊಳಗೆ ಇರುವಷ್ಟು ಹೊತ್ತು ಇವೆರಡರ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಆ ವ್ಯತ್ಯಾಸವನ್ನು ತಾಳಿಕೊಳ್ಳುತ್ತದೆ. ಮಿತಿ ಮೀರಿದರೆ ಹೆಡ್ ಬೆಂಡ್ ಆಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಆಯಿಲ್‌ಗೆ ನೀರು ಸೇರುತ್ತದೆ. ಆಮೇಲೆ ಹೆಡ್ ಇಳಿಸಿ, ಫೇಸಿಂಗ್ ಮಾಡಿಸಿ (ಅದರ ಮೇಲ್ಮೈ ಮಟ್ಟ ಮಾಡಿಸಿ), ಬಿರುಕು ಇದೆಯೇ ಎಂದು ನೋಡಿಸಿ ಮತ್ತೆ ಕೂರಿಸುವ ಖರ್ಚಿನ ಮುಂದೆ ಗೇಜಿನ ಬೆಲೆ ಏನೇನೂ ಅಲ್ಲ. ಪೂರ್ತಿ ಲೋಡ್ ಹಾಕಿಕೊಂಡು ಉದ್ದನೆಯ ಏರು ಹತ್ತುವಾಗ ಬಾನೆಟ್ ಕಡೆಯಿಂದ ಬಿಸಿ ಕೂಲೆಂಟ್‌ನ (ಎಂಜಿನ್ ತಣಿಸುವ ನೀರಿಗೆ ಬೆರೆಸುವ ದ್ರವ) ಸಿಹಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮುಳ್ಳು ಮಾತ್ರ ನಡುವೆಯೇ ನಿಂತಿರುತ್ತಿತ್ತು. ಯಾವುದನ್ನು ನಂಬಬೇಕೆಂದು ತಿಳಿಯದೆ ಗಾಡಿ ಓಡಿಸುವುದು ಮನಸ್ಸಿಗೆ ತುಂಬ ಹಿಂಸೆ. ಅದಕ್ಕೇ ಹೊರಗಿನ ಗೇಜ್ ಹಾಕಿಸಬೇಕೆಂದು ತೀರ್ಮಾನಿಸಿದೆ.

ಮೊದಲ ಪ್ರಶ್ನೆ ಎಂಥ ಗೇಜ್ ಎನ್ನುವುದು. ಮೆಕ್ಯಾನಿಕಲ್ ಗೇಜ್‌ನಲ್ಲಿ ತುದಿಯ ಬಲ್ಬಿನಿಂದ ಗೇಜಿನವರೆಗೆ ಕೂದಲೆಳೆಯಷ್ಟು ಸಣ್ಣ ರಂಧ್ರದ ತಾಮ್ರದ ಕೊಳವೆ ಇರುತ್ತದೆ. ಬಲ್ಬಿನೊಳಗಿನ ದ್ರವ ಬಿಸಿಯಾದಂತೆ ಒತ್ತಡ ಹೆಚ್ಚಿ ಮುಳ್ಳನ್ನು ತಳ್ಳುತ್ತದೆ. ಕರೆಂಟೇ ಬೇಡ, ನಂಬಿಕೆಗೆ ಅರ್ಹ. ಆದರೆ ಆ ಕೊಳವೆಯನ್ನು ಕತ್ತರಿಸುವಂತಿಲ್ಲ, ಬಿಗಿಯಾಗಿ ಮಡಚುವಂತಿಲ್ಲ. ಇಡೀ ಬಲ್ಬ್ ತೂರುವಷ್ಟು ದೊಡ್ಡ ತೂತು ಫೈರ್‌ವಾಲ್‌ನಲ್ಲಿ (ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಬೇಕು. ಎಲೆಕ್ಟ್ರಿಕಲ್‌ನದರಲ್ಲಿ ಸೆನ್ಸರ್‌ನಿಂದ ಗೇಜಿಗೆ ಒಂದೋ ಎರಡೋ ವೈರ್ ಸಾಕು. ಅದರ ಸೆನ್ಸರ್‌ನೊಳಗಿನ ಥರ್ಮಿಸ್ಟರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಗೇಜ್ ಅದನ್ನು ಅಳೆದು ಡಿಗ್ರಿಯಲ್ಲಿ ತೋರಿಸುತ್ತದೆ. ನಾನು ಎಲೆಕ್ಟ್ರಿಕಲ್‌ನದ್ದೇ ತೆಗೆದುಕೊಂಡೆ. ನಾವು ಇಟ್ಟ ಡಿಗ್ರಿಗೆ ಕೂಗುವ ಬಝರ್ ಇರುವುದನ್ನು ಆರಿಸಿದೆ. ರಸ್ತೆ ನೋಡುವ ಕಣ್ಣು ಸದಾ ಗೇಜ್ ಮೇಲೆ ಇರುವುದಿಲ್ಲ, ಹಾಗಾಗಿ ಬಝರ್ ಇಲ್ಲದ್ದನ್ನು ಯಾರಿಗೂ ಹೇಳಲಾರೆ. ಒಂದು ಎಚ್ಚರ: ಗೇಜ್ ಒಂದು ಕಂಪನಿಯದು, ಸೆನ್ಸರ್ ಇನ್ನೊಂದರದು ಎಂದು ಬೆರೆಸಬೇಡಿ. ಪ್ರತಿ ಸೆನ್ಸರ್‌ನ ರೆಸಿಸ್ಟೆನ್ಸ್ ಲೆಕ್ಕ ಬೇರೆ. ಜೋಡಿ ತಪ್ಪಿದರೆ ಅಂಕಿಯೇನೋ ಬರುತ್ತದೆ, ಅದು ಸುಳ್ಳು ಅಂಕಿ. ಹಳೆಯ ಕೆಲವು ಡೀಸೆಲ್ ಫೋರ್ ವೀಲ್ ಗಾಡಿಗಳಲ್ಲಿ 24 ವೋಲ್ಟ್ ಇರುತ್ತದೆ, ಅಂಥವರು 12 ವೋಲ್ಟ್ ಗೇಜ್ ಕೊಳ್ಳುವ ಮುಂಚೆ ಬ್ಯಾಟರಿ ನೋಡಿಕೊಳ್ಳಲಿ.

ಇನ್ನು ಸೆನ್ಸರ್ ಎಲ್ಲಿ ಹಾಕುವುದು ಎಂಬ ವಿಷಯ. ನನ್ನ ಪ್ರಕಾರ ಇಡೀ ಕೆಲಸದ ಬೆಲೆ ಇದರ ಮೇಲೆ ನಿಂತಿದೆ.

ಎಲ್ಲರೂ ಮೊದಲು ತೋರಿಸುವುದು ರೇಡಿಯೇಟರ್‌ನ ಮೇಲಿನ ಹೋಸ್. ಹೋಸ್ ಕತ್ತರಿಸಿ, ನಡುವೆ ಸೆನ್ಸರ್ ಥ್ರೆಡ್ ಇರುವ ಅಲ್ಯೂಮಿನಿಯಂ ಕೊಳವೆ ತೂರಿಸಿ, ಎರಡೂ ಕಡೆ ಕ್ಲ್ಯಾಂಪ್ ಹಾಕಿದರೆ ಆಯಿತು. ಸುಲಭ, ಎಂಜಿನ್‌ಗೆ ಡ್ರಿಲ್ ಮುಟ್ಟಿಸಬೇಕಿಲ್ಲ. ಆದರೆ ಬಹುತೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ನೀರು ಕಾದ ಮೇಲಷ್ಟೇ ತೆರೆದು ರೇಡಿಯೇಟರ್‌ಗೆ ಬಿಡುವ ಕವಾಟ) ಇರುವುದು ಈ ಹೋಸ್ ಶುರುವಾಗುವ ಜಾಗದಲ್ಲೇ. ಥರ್ಮೋಸ್ಟಾಟ್ ತೆರೆಯುವವರೆಗೆ ಹೋಸ್‌ನಲ್ಲಿ ಬಿಸಿ ನೀರು ಹರಿಯುವುದೇ ಇಲ್ಲ. ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಒಳಗೆ ಎಂಜಿನ್ ಬೇಯುತ್ತಿರುತ್ತದೆ, ಹೊರಗೆ ಗೇಜ್ ತಣ್ಣಗಿದೆ ಎನ್ನುತ್ತಿರುತ್ತದೆ. ನಮಗೆ ಎಚ್ಚರಿಕೆ ಬೇಕಾದ ಗಳಿಗೆಯಲ್ಲೇ ಬಾಯಿ ಮುಚ್ಚುವ ಸೆನ್ಸರ್ ನನಗೆ ಬೇಡವೆನಿಸಿತು. ಮೇಲಾಗಿ ಹೋಸ್ ರಬ್ಬರ್‌ನದಾದ್ದರಿಂದ ಆ ಕೊಳವೆಗೆ ಅರ್ತ್ (ಬ್ಯಾಟರಿ ನೆಗೆಟಿವ್‌ಗೆ ಕರೆಂಟ್ ಮರಳುವ ದಾರಿ) ಸಿಗದು. ಒಂದೇ ವೈರ್‌ನ ಸೆನ್ಸರ್ ಆದರೆ ಬೇರೆ ಅರ್ತ್ ವೈರ್ ಎಳೆಯಲೇಬೇಕು.

ಎರಡನೆಯದು ಹೆಡ್ ಮೇಲಿನ ಯಾವುದಾದರೂ ಬೋಲ್ಟ್ ಅಡಿಗೆ ವಾಷರ್‌ನಂಥ ಸೆನ್ಸರ್ ಸಿಕ್ಕಿಸುವುದು. ಅದು ನೀರನ್ನು ಬಿಟ್ಟು ಲೋಹದ ಬಿಸಿಯನ್ನು ಅಳೆಯುತ್ತದೆ. ಇದರ ದೊಡ್ಡ ಗುಣವನ್ನು ಎಲ್ಲರೂ ತಿಳಿದಿರಬೇಕು: ಹೋಸ್ ಒಡೆದು ನೀರೆಲ್ಲ ಹೊರಗೆ ಹೋದರೂ ಇದು ನಿಜ ಹೇಳುತ್ತಲೇ ಇರುತ್ತದೆ. ನೀರಿನಲ್ಲಿ ಅದ್ದಿದ ಸೆನ್ಸರ್ ಹಾಗಲ್ಲ. ನೀರು ಇಲ್ಲವಾದರೆ ಅದು ಗಾಳಿಯಲ್ಲಿ ಉಳಿಯುತ್ತದೆ. ಅಂಕಿ ಏರುವ ಬದಲು ಇಳಿಯಲೂಬಹುದು. ಲೋಡ್ ಇರುವಾಗ ಅಂಕಿ ಕಾರಣವಿಲ್ಲದೆ ದಡಕ್ಕನೆ ಇಳಿದರೆ ನೆಮ್ಮದಿಪಡಬೇಡಿ, ಗಾಡಿ ನಿಲ್ಲಿಸಿ ನೋಡಿ. ಲೋಹದ ಸೆನ್ಸರ್‌ನ ಕೊರತೆಯೆಂದರೆ ಬಿಸಿ ಲೋಹಕ್ಕೆ ಹರಡಿ ಅದಕ್ಕೆ ತಲುಪಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಜೊತೆಗೆ ಅದು ತೋರಿಸುವ ಅಂಕಿಯನ್ನು ಥರ್ಮೋಸ್ಟಾಟ್‌ನ ಅಂಕಿಗೆ ನೇರ ಹೋಲಿಸಲಾಗದು.

ಮೂರನೆಯದು ಥರ್ಮೋಸ್ಟಾಟ್‌ಗಿಂತ ಮುಂಚೆ, ಎಂಜಿನ್ ಕಡೆಯ ನೀರಿನ ದಾರಿಯಲ್ಲಿ. ಥರ್ಮೋಸ್ಟಾಟ್ ಹೌಸಿಂಗ್‌ನಲ್ಲೋ (ಅದು ಕೂರುವ ಲೋಹದ ಗೂಡು) ಹೆಡ್‌ನ ನೀರಿನ ಔಟ್‌ಲೆಟ್‌ನಲ್ಲೋ ಅನೇಕ ಎಂಜಿನ್‌ಗಳಿಗೆ ಖಾಲಿ ಪ್ಲಗ್ ಒಂದು ಇರುತ್ತದೆ. ಅದನ್ನು ಬಿಚ್ಚಿ ಸೆನ್ಸರ್ ಹಾಕಿದರೆ ಎಂಜಿನ್ ಒಳಗಿನ ನೀರಿನ ನಿಜವಾದ ಬಿಸಿ ಸಿಗುತ್ತದೆ. ವರ್ಕ್‌ಶಾಪ್ ಮ್ಯಾನುಯಲ್‌ನ ಕೂಲಿಂಗ್ ಅಧ್ಯಾಯದ ಚಿತ್ರ ಹಿಡಿದು, ಟಾರ್ಚ್ ಬೆಳಕಿನಲ್ಲಿ ಹುಡುಕಿದಾಗ ನನ್ನ ಹೌಸಿಂಗ್‌ನ ಹಿಂಬದಿಯಲ್ಲಿ, ಕಂಪನಿಯ ಸೆನ್ಸರ್‌ಗಿಂತ ಸ್ವಲ್ಪ ಕೆಳಗೆ, ತುಕ್ಕು ಹಿಡಿದ ಪ್ಲಗ್ ಕಾಣಿಸಿತು. ಆಗ ಆದ ಖುಷಿ ಹೇಳತೀರದು. ಕಂಪನಿಯ ಸೆನ್ಸರನ್ನೇ ಕಿತ್ತು ಅಲ್ಲಿ ಹೊಸದನ್ನು ಹಾಕುವ ಯೋಚನೆ ಮಾತ್ರ ಯಾರೂ ಮಾಡಬೇಡಿ. ಇತ್ತೀಚಿನ ಡೀಸೆಲ್‌ಗಳಲ್ಲಿ ಎಂಜಿನ್ ಕಂಪ್ಯೂಟರ್ ಡೀಸೆಲ್ ಪ್ರಮಾಣ, ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ ಶುರುವಾಗಲು ಬಿಸಿ ಕೊಡುವ ಭಾಗ) ಸಮಯ ಎಲ್ಲವನ್ನೂ ಆ ಸೆನ್ಸರ್ ನೋಡಿಯೇ ನಿರ್ಧರಿಸುತ್ತದೆ.

ಸೆನ್ಸರ್ ಮನೆಗೆ ಬಂದ ಮೇಲೆ ಗಾಡಿಗೆ ಹಾಕುವ ಮುಂಚೆ ಪಾತ್ರೆಯಲ್ಲಿ ಪರೀಕ್ಷೆ ಮಾಡಿದೆ. ಬೇರೆ ಯಾವುದಕ್ಕೂ ಬಳಸದ ಹಳೆಯ ಪಾತ್ರೆಯಲ್ಲಿ ನೀರು ಕಾಯಿಸಿ, ಸೆನ್ಸರ್ ತಳಕ್ಕೆ ತಾಗದ ಹಾಗೆ ವೈರ್‌ನಲ್ಲಿ ಇಳಿಬಿಟ್ಟು, ಅದರ ಮೈಗೆ ಬ್ಯಾಟರಿಯ ನೆಗೆಟಿವ್ ಕಚ್ಚಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು 60, 80 ಹಾಗೂ ಕುದಿಯುವ ಹಂತಗಳಲ್ಲಿ ನೋಡಬೇಕು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಎತ್ತರಕ್ಕೆ ಹೋದಂತೆ ಪ್ರತಿ 300 ಮೀಟರ್‌ಗೆ ಹೆಚ್ಚುಕಡಿಮೆ 1 ಡಿಗ್ರಿ ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನನ್ನ ಗೇಜ್ ಎಲ್ಲ ಹಂತದಲ್ಲೂ ಥರ್ಮಾಮೀಟರ್‌ಗಿಂತ 1–2 ಡಿಗ್ರಿ ಕಡಿಮೆ ತೋರಿಸಿತು. ಅಷ್ಟು ಸಾಕು. ಈ ಪರೀಕ್ಷೆ ಮಾಡಿಟ್ಟುಕೊಂಡದ್ದರಿಂದಲೇ ಮುಂದೆ ಅಂಕಿ ಏರಿದಾಗ ಗೇಜ್ ಮೇಲೆ ಅನುಮಾನಪಡದೆ ಎಂಜಿನ್ ಕಡೆ ನೋಡಿದೆ.

ಪ್ಲಗ್ ಬಿಚ್ಚುವುದು ಸಲೀಸಾಗಲಿಲ್ಲ. ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ಉಕ್ಕಿನ ಪ್ಲಗ್ ವರ್ಷಾನುಗಟ್ಟಲೆ ಇದ್ದರೆ ಎರಡು ಲೋಹಗಳ ನಡುವೆ ಬಿಳಿ ಪುಡಿಯಂಥ ತುಕ್ಕು ಬೆಳೆದು ಕಚ್ಚಿ ಹಿಡಿಯುತ್ತದೆ. ಜೋರು ಹಾಕಿದರೆ ಹೌಸಿಂಗ್ ಬಿರುಕು ಬಿಡುತ್ತದೆ. ತುಕ್ಕು ಬಿಡಿಸುವ ಆಯಿಲ್ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೀಟ್ ಗನ್‌ನಿಂದ ಹೌಸಿಂಗನ್ನು ಬೆಚ್ಚಗೆ ಮಾಡಿ, ಸ್ಪ್ಯಾನರ್‌ನಲ್ಲಿ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಎಂದು ಹಿಂದೆ ಮುಂದೆ ಆಡಿಸುತ್ತಾ ಹೋದಾಗ ಟಕ್ ಎಂದು ಬಿಟ್ಟುಕೊಂಡಿತು. ಇದಕ್ಕೆ ಮುಂಚೆ ತಣ್ಣಗಿನ ಎಂಜಿನ್‌ನಿಂದ ಕೂಲೆಂಟನ್ನು ಹೌಸಿಂಗ್‌ಗಿಂತ ಕೆಳಗೆ ಇಳಿಯುವಷ್ಟು ಕ್ಯಾನ್‌ಗೆ ಇಳಿಸಿ ಮುಚ್ಚಿಟ್ಟಿದ್ದೆ. ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಅದು ವಿಷ. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ.

ನಿಜವಾದ ತೊಡಕು ಶುರುವಾದದ್ದು ಇಲ್ಲಿಂದ. ನನ್ನ ಸೆನ್ಸರ್ 1/8 ಎನ್‌ಪಿಟಿ (ಅಮೆರಿಕದ ಪೈಪ್ ಅಳತೆ) ಥ್ರೆಡ್‌ನದು. ಹೌಸಿಂಗ್‌ನ ತೂತು ಅದಕ್ಕಿಂತ ದೊಡ್ಡದು. ನಡುವೆ ಒಂದು ಹಿತ್ತಾಳೆ ಬುಷ್ ಬೇಕು, ಅಂದರೆ ಹೊರಗೆ ದೊಡ್ಡ ಥ್ರೆಡ್, ಒಳಗೆ ಸಣ್ಣ ಥ್ರೆಡ್ ಇರುವ ಜೋಡಣೆಯ ತುಂಡು. ನನ್ನ ಗಾಡಿಯ ಮಾಡೆಲ್‌ಗೇ ಸರಿಹೊಂದುತ್ತದೆ ಎಂದು ಬರೆದಿದ್ದ 1/4 ಬುಷ್ ತರಿಸಿದೆ. ಕಾದು ಕಾದು ಬಂದದ್ದನ್ನು ಕೈಯಲ್ಲೇ ತಿರುಗಿಸಿದರೆ ಒಂದೂವರೆ ಸುತ್ತು ಹೋಗಿ ಗಕ್ಕನೆ ನಿಂತಿತು. ಗ್ಯಾರೇಜಿನ ಮೇಸ್ತ್ರಿ ನೋಡಿ, "ಟೆಫ್ಲಾನ್ ಸುತ್ತಿ ಒಂದು ಸಲ ಬಿಗಿಯೋಣ ಸಾರ್, ಕೂತ್ಕೊಳ್ಳುತ್ತೆ" ಅಂದರು. "ಬೇಡ ಮೇಸ್ತ್ರಿ, ಹಿತ್ತಾಳೆ ಗಟ್ಟಿ ಇದೆ, ಹೌಸಿಂಗ್ ಮೆತ್ತಗಿದೆ, ಥ್ರೆಡ್ ಹೋದ್ರೆ ಹೌಸಿಂಗೇ ಹೋಯ್ತು" ಎಂದೆ. ಅವರೂ ಯೋಚಿಸಿ, ಪೆಟ್ಟಿಗೆಯಿಂದ ಥ್ರೆಡ್ ಗೇಜ್ (ಎಳೆಗಳನ್ನು ಅಳೆಯುವ ಹಲ್ಲಿನ ಪಟ್ಟಿ) ತೆಗೆದು ಹಳೆಯ ಪ್ಲಗ್ ಮೇಲೆ ಇಟ್ಟರು. ಇಂಚಿಗೆ 19 ಥ್ರೆಡ್. ಬುಷ್ ಮೇಲೆ ಇಟ್ಟರು. 18.

ಆ ಒಂದು ಥ್ರೆಡ್‌ನ ವ್ಯತ್ಯಾಸವೇ ಎಲ್ಲ. 1/4 ಅಳತೆಯಲ್ಲಿ ಅಮೆರಿಕದ ಎನ್‌ಪಿಟಿಗೆ ಇಂಚಿಗೆ 18 ಥ್ರೆಡ್, ಬ್ರಿಟಿಷ್ ಬಿಎಸ್‌ಪಿಟಿಗೆ 19. 1/8 ಅಳತೆಯಲ್ಲಿ ಕ್ರಮವಾಗಿ 27 ಮತ್ತು 28. ಥ್ರೆಡ್‌ನ ಕೋನವೂ ಬೇರೆ: ಎನ್‌ಪಿಟಿಗೆ 60 ಡಿಗ್ರಿ, ಬಿಎಸ್‌ಪಿಟಿಗೆ 55. ಕಣ್ಣಿಗೆ ಎರಡೂ ಒಂದೇ. ಎರಡೂ ತುದಿಯ ಕಡೆಗೆ ಸಪೂರವಾಗುವ ಥ್ರೆಡ್‌ಗಳಾದ್ದರಿಂದ ಮೊದಲ ಸುತ್ತು ಹೇಗೂ ಹಿಡಿಯುತ್ತದೆ, ಜೋರು ಹಾಕಿದರೆ ಇನ್ನೂ ಒಂದು ಸುತ್ತು ಹೋಗುತ್ತದೆ. ಸ್ವಲ್ಪ ದಿನ ಸೋರದೆಯೂ ಇರಬಹುದು. ಎಂಜಿನ್ ಕಾದು ತಣ್ಣಗಾಗುತ್ತಾ ಬಂದಂತೆ ಜಿನುಗಲು ಶುರುವಾಗುತ್ತದೆ. ಜಪಾನಿನ ಎಂಜಿನ್‌ಗಳಲ್ಲಿ ಬ್ರಿಟಿಷ್ ಥ್ರೆಡ್ ಸಾಮಾನ್ಯ, ಹೊರಗಿನ ಗೇಜ್‌ಗಳ ಸೆನ್ಸರ್‌ಗಳು ಹೆಚ್ಚಾಗಿ ಎನ್‌ಪಿಟಿ. ಮೆಟ್ರಿಕ್‌ನವರಾದರೆ ಎಂ10, ಎಂ12, ಎಂ14 (ಮಿಲಿಮೀಟರ್‌ನಲ್ಲಿ ದಪ್ಪ) ಜೊತೆಗೆ ಪಿಚ್, ಅಂದರೆ ಎಳೆಗಳ ನಡುವಿನ ದೂರ, ಕೂಡ ಅಳೆಯಬೇಕು. ಯಾವ ಪಟ್ಟಿಯಲ್ಲಿ ಏನೇ ಬರೆದಿರಲಿ, ಮೊದಲು ಪ್ಲಗ್ ಬಿಚ್ಚಿ, ಥ್ರೆಡ್ ಗೇಜ್ ಇಟ್ಟು ನೋಡಿ, ಆಮೇಲೆ ಬುಷ್ ತರಿಸಿ. ಸಾಧ್ಯವಾದರೆ ಹೌಸಿಂಗ್‌ನ ಥ್ರೆಡ್‌ಗೇ ಹೊಂದುವ ಸೆನ್ಸರ್ ಇರುವ ಗೇಜನ್ನೇ ಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು, ಬುಷ್‌ನ ಗೋಜೇ ಇರುವುದಿಲ್ಲ.

ಹಳೆಯ ಪ್ಲಗ್ ಮತ್ತೆ ಹಾಕಿ, ಕೂಲೆಂಟ್ ತುಂಬಿಸಿ, ಗಾಡಿ ಓಡಿಸುತ್ತಾ ಸರಿಯಾದ ಬುಷ್‌ಗೆ ಕಾದೆ. ಆ ಕಾಯುವ ದಿನಗಳಲ್ಲಿ ಪ್ರತಿ ಏರಿನಲ್ಲೂ ನಿಂತ ಮುಳ್ಳನ್ನೇ ದಿಟ್ಟಿಸುತ್ತಾ ಹೋಗುವುದು ಹಿಂದಿಗಿಂತ ಕಷ್ಟವಾಯಿತು. ಅದು ಏನನ್ನು ಬಚ್ಚಿಡುತ್ತದೆ ಎಂಬುದು ಈಗ ಗೊತ್ತಿತ್ತಲ್ಲ.

ಬಿಎಸ್‌ಪಿಟಿ ಬುಷ್ ಬಂದ ಮೇಲೆ ಇನ್ನೊಂದು ಸಮಸ್ಯೆ. ಬುಷ್‌ನೊಳಗೆ ಸೆನ್ಸರ್ ಕೂರಿಸಿ ಹಿಡಿದು ನೋಡಿದರೆ ಸೆನ್ಸರ್‌ನ ತುದಿ ಬುಷ್‌ನ ಬಾಯಿಯ ಮಟ್ಟಕ್ಕೇ ನಿಂತಿತ್ತು, ಆಚೆ ಚಾಚಿರಲಿಲ್ಲ. ಹೀಗೆ ಹಾಕಿದರೆ ತುದಿ ಹರಿಯುವ ನೀರಿಗೆ ತಾಗುವುದಿಲ್ಲ. ಮೂಲೆಯಲ್ಲಿ ನಿಂತ ನೀರಿನ ಬಿಸಿಯನ್ನಷ್ಟೇ ತೋರಿಸುತ್ತದೆ. ಅಂಕಿ ಕಡಿಮೆ ಬರುತ್ತದೆ, ಬದಲಾವಣೆಯೂ ತಡವಾಗಿ ಕಾಣುತ್ತದೆ. ಲೇತ್‌ನವರ ಹತ್ತಿರ ಕೊಟ್ಟು ಬುಷ್‌ನ ಒಳತುದಿಯನ್ನು ಕಡಿಮೆ ಮಾಡಿಸಿದೆ. ಈಗ ಸೆನ್ಸರ್ ತುದಿ ಸುಮಾರು 6 ಮಿಲಿಮೀಟರ್ ಆಚೆ ಚಾಚುತ್ತದೆ. ಅದು ಒಳಗೆ ಥರ್ಮೋಸ್ಟಾಟ್‌ಗೆ ತಾಗದೆಂದು ಮೊದಲೇ ತೂತಿನಲ್ಲಿ ವೈರ್ ಇಳಿಸಿ ಆಳ ಅಳೆದಿದ್ದೆ. ಲೇತ್ ಕೆಲಸ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು, ಸರದಿಗೆ ಕಾಯುವುದಕ್ಕೇ ಹೆಚ್ಚು ಹೊತ್ತು ಹೋಯಿತು.

ಖಾಲಿ ಪ್ಲಗ್ ಇಲ್ಲದವರು ಹೌಸಿಂಗ್‌ಗೆ ತೂತು ಕೊರೆಸಿ ಟ್ಯಾಪ್ ಹೊಡೆಸಬಹುದು (ಒಳಗೆ ಥ್ರೆಡ್ ಮಾಡಿಸಬಹುದು). ಆಗ ಹೌಸಿಂಗನ್ನು ಪೂರ್ತಿ ಬಿಚ್ಚಿ ಹೊರಗೆ ತೆಗೆದೇ ಕೊರೆಸಬೇಕು. ಜಾಗದಲ್ಲೇ ಕೊರೆದು ಚೂರುಗಳನ್ನು ಗ್ರೀಸ್‌ನಲ್ಲಿ ಹಿಡಿಯುತ್ತೇವೆ ಎನ್ನುವವರಿದ್ದಾರೆ. ಆದರೆ ತಪ್ಪಿಸಿಕೊಂಡ ಒಂದು ಚೂರು ವಾಟರ್ ಪಂಪ್ ಸೀಲ್‌ಗೆ ಹೋಗಿ ಸಿಕ್ಕಿದರೆ ಅಲ್ಲೊಂದು ಹೊಸ ಖರ್ಚು.

ಬುಷ್‌ಗೂ ಸೆನ್ಸರ್‌ಗೂ ಥ್ರೆಡ್ ಸೀಲೆಂಟ್ ದ್ರವ ಹಚ್ಚಿದೆ, ತುದಿಯ ಎರಡು ಥ್ರೆಡ್ ಬಿಟ್ಟು. ಒಂದೇ ವೈರ್‌ನ ಸೆನ್ಸರ್ ತನ್ನ ಮೈಯ ಮೂಲಕವೇ ಅರ್ತ್ ತೆಗೆದುಕೊಳ್ಳುತ್ತದೆ. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ಲೋಹಕ್ಕೆ ಲೋಹ ತಾಗದೆ ಅಂಕಿ ಕೆಡಬಹುದು. ಬಿಗಿದ ಮೇಲೆ ಮಲ್ಟಿಮೀಟರ್‌ನಲ್ಲಿ ಸೆನ್ಸರ್ ಮೈಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ನೋಡಿದೆ, 1 ಓಮ್‌ಗಿಂತ ಕಡಿಮೆ ಬಂತು.

ಕೂಲೆಂಟ್ ತುಂಬಿಸುವಾಗ ಅವಸರ ಮಾಡಬಾರದು. ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಅರ್ಧಕ್ಕರ್ಧ. ಮೊದಲು ಇದ್ದದ್ದು ಯಾವ ಬಗೆಯದು ಎಂದು ನೋಡಿ ಅದೇ ಬಗೆಯದು ಹಾಕಿ. ಬಣ್ಣ ನೋಡಿ ನಿರ್ಧರಿಸಲಾಗದು, ಕ್ಯಾನ್ ಮೇಲೆ ಬರೆದಿರುವುದನ್ನು ಓದಬೇಕು. ಗಾಡಿಯ ಮುಂಭಾಗ ಎತ್ತರ ಬರುವ ಹಾಗೆ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕ್ಯಾಪ್ ತೆರೆದಿಟ್ಟು ನಿಧಾನವಾಗಿ ತುಂಬಿಸುತ್ತಾ ಮೇಲಿನ ಹೋಸನ್ನು ಹಿಸುಕುತ್ತಾ ಹೋದೆ. ಗುಳುಗುಳು ಎಂದು ಗಾಳಿ ಬಂತು. ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ) ಉಳಿದರೆ ಹೊಸ ಗೇಜ್‌ನ ಅಂಕಿ ಕುಣಿಯುತ್ತದೆ, ಹೆಡ್‌ನಲ್ಲಿ ನೀರಿಲ್ಲದ ಜಾಗ ಕಾಯುತ್ತದೆ. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಇಳಿದಷ್ಟನ್ನು ತುಂಬಿಸಿ, ಆಮೇಲೆ ಕ್ಯಾಪ್ ಹಾಕಿದೆ. ಗಾಡಿ ಓಡಿಸಿ ಬಂದ ಮೇಲೆ ಪೂರ್ತಿ ತಣ್ಣಗಾಗುವ ತನಕ ಆ ಕ್ಯಾಪ್ ಮುಟ್ಟಕೂಡದು. ಸುಮಾರು 1 ಬಾರ್ ಒತ್ತಡದ ಕ್ಯಾಪ್ ಇದ್ದರೆ ಒಳಗಿನ ಬರಿಯ ನೀರೂ 120 ಡಿಗ್ರಿ ಹತ್ತಿರದವರೆಗೆ ಕುದಿಯುವುದಿಲ್ಲ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗಿ ಅಷ್ಟೂ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ.

ವೈರಿಂಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬ್ಯಾಟರಿ ನೆಗೆಟಿವ್ ಬಿಚ್ಚಿ ಶುರುಮಾಡಿ. ಗೇಜ್‌ನಿಂದ ನಾಲ್ಕು ವೈರ್: ಕೀ ಆನ್ ಮಾಡಿದಾಗ ಬರುವ 12 ವೋಲ್ಟ್, ಅರ್ತ್, ದೀಪದ್ದು, ಸೆನ್ಸರ್‌ನದು. ಕಂಪನಿಯ ವೈರ್ ಕತ್ತರಿಸದೆ ಫ್ಯೂಸ್ ಬಾಕ್ಸ್‌ನಲ್ಲಿ ಫ್ಯೂಸ್ ಟ್ಯಾಪ್ (ಇರುವ ಫ್ಯೂಸ್ ಜಾಗದಿಂದಲೇ ಇನ್ನೊಂದು ಲೈನ್ ತೆಗೆಯುವ ತುಂಡು) ಸಿಕ್ಕಿಸಿ 3 ಆಂಪಿಯರ್ ಫ್ಯೂಸ್ ಹಾಕಿದೆ. ವಾರಂಟಿ ಇನ್ನೂ ಇರುವ ಗಾಡಿಯವರಿಗಂತೂ ಇದೇ ಸರಿ. ವೈರ್ ಕತ್ತರಿಸಿದ್ದು ಕಂಡರೆ ಮುಂದೆ ವಾದಕ್ಕೆ ಕಾರಣವಾಗುತ್ತದೆ. ಸೆನ್ಸರ್ ವೈರನ್ನು ಸುಕ್ಕುಕೊಳವೆಯಲ್ಲಿ ಹಾಕಿ, ಟರ್ಬೊ ಮತ್ತು ಎಕ್ಸಾಸ್ಟ್‌ನಿಂದ ದೂರ ಕಟ್ಟಿ, ಫೈರ್‌ವಾಲ್‌ನಲ್ಲಿ ಮೊದಲೇ ಇದ್ದ ರಬ್ಬರ್ ಗ್ರಾಮೆಟ್ (ತೂತಿನ ಅಂಚಿನ ಬಳೆ) ಮೂಲಕ ಒಳಗೆ ತಂದೆ. ದೀಪದ ವೈರ್ ಒಂದು ಮಾತ್ರ ಕಾಡಿತು. ಕೆಲವು ಗಾಡಿಗಳಲ್ಲಿ ಡ್ಯಾಶ್ ದೀಪದ ಡಿಮ್ಮರ್ ಅರ್ತ್ ಕಡೆಯಿಂದ ಕೆಲಸ ಮಾಡುತ್ತದೆ. ಅಲ್ಲಿಂದ ವೈರ್ ತೆಗೆದರೆ ಗೇಜ್ ದೀಪ ಸರಿಯಾಗಿ ಉರಿಯದು. ಪಾರ್ಕ್ ಲೈಟ್ ಫ್ಯೂಸ್‌ನಿಂದ ತೆಗೆದುಕೊಂಡ ಮೇಲೆ ಸರಿಹೋಯಿತು. ಗೇಜ್ 52 ಮಿಲಿಮೀಟರ್‌ನದು. ಮುಂದಿನ ಗಾಜಿನ ಪಕ್ಕದ ಪಿಲ್ಲರ್ ಮೇಲೆ ಹಾಕಲು ಪಾಡ್ (ಗೇಜ್ ಕೂರುವ ಗೂಡು) ಸಿಗುತ್ತದೆ, ಆದರೆ ಪಿಲ್ಲರ್ ಒಳಗೆ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅಲ್ಲಿ ಏನನ್ನೂ ಹಾಕಬಾರದು. ನಾನು ಸ್ಟೀರಿಂಗ್ ಪಕ್ಕದ ಖಾಲಿ ಪ್ಯಾನೆಲ್‌ನಲ್ಲಿ ಹಾಕಿದೆ.

ಮೊದಲ ಸಲ ಕೀ ತಿರುಗಿಸಿದಾಗ ಅಂಕಿ ಹೊರಗಿನ ಹವೆಯಷ್ಟೇ ತೋರಿಸಿತು. 60 ಆಯಿತು, 70 ಆಯಿತು. 78ಕ್ಕೆ ಕಂಪನಿಯ ಮುಳ್ಳು ನಡುವೆ ಬಂದು ನಿಂತಿತು. 84ರ ತನಕ ಏರಿ 77ಕ್ಕೆ ಇಳಿಯಿತು, ಮತ್ತೆ ಏರಿತು. ಥರ್ಮೋಸ್ಟಾಟ್ 82 ಡಿಗ್ರಿಯದು. ಅದು ತೆರೆದು ರೇಡಿಯೇಟರ್‌ನ ತಣ್ಣೀರು ಒಳಗೆ ಬಂದಾಗ ಹೀಗಾಗುವುದು ಸರಿಯೇ. ಸ್ವಲ್ಪ ಹೊತ್ತಿಗೆ 83–85ರಲ್ಲಿ ನೆಲೆನಿಂತಿತು. ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋದರೂ 87 ದಾಟಲಿಲ್ಲ.

ಲೋಡ್ ಹಾಕಿಕೊಂಡು ಏರು ಹತ್ತಿಸಿದಾಗ ಹೊರಬಿದ್ದದ್ದು ಬೇರೆ ವಿಷಯ. ಕಡಿಮೆ ಗೇರ್‌ನಲ್ಲಿ ನಿಧಾನಕ್ಕೆ ಹತ್ತುತ್ತಿದ್ದ ಹಾಗೆ 92, 95, 98. ಮುಳ್ಳು ಇನ್ನೂ ನಡುವೆ. 101 ಆದಾಗ ಏಸಿ ಆಫ್ ಮಾಡಿ, ಎಂಜಿನ್ ಬಿಸಿಯ ಒಂದು ಪಾಲು ಹೊರಬರಲಿ ಎಂದು ಹೀಟರ್ ಪೂರ್ತಿ ತೆರೆದು, ಅಗಲ ಸಿಕ್ಕ ಕಡೆ ಪಕ್ಕಕ್ಕೆ ನಿಲ್ಲಿಸಿ ಐಡಲ್‌ನಲ್ಲಿ ಬಿಟ್ಟೆ. ಅಂಕಿ ಇಳಿಯಿತು. ಮುಳ್ಳು ಅಷ್ಟು ಹೊತ್ತೂ ಒಂದು ಕೂದಲಷ್ಟೂ ಅಲುಗಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಮೊದಲ ಬಾರಿಗೆ ಏನಾಗುತ್ತಿದೆ ಎಂಬುದು ಖಚಿತವಾಗಿ ಗೊತ್ತಿತ್ತು.

ವೇಗದಲ್ಲಿ ಸರಿಯಿದ್ದು ನಿಧಾನದ ಏರಿನಲ್ಲಿ ಮಾತ್ರ ಕಾಯುತ್ತದೆಂದರೆ ಗಾಳಿಯ ಕೊರತೆ. ವೇಗದಲ್ಲಿ ರಸ್ತೆಯ ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಧಾನದಲ್ಲಿ ಆ ಭಾರ ಫ್ಯಾನ್‌ನದು. ಇದಕ್ಕೆ ತದ್ವಿರುದ್ಧವಾಗಿ ಹೈವೇಯಲ್ಲಿ ವೇಗ ಹೆಚ್ಚಿದಷ್ಟೂ ಕಾಯುವುದಾದರೆ ರೇಡಿಯೇಟರ್ ಕಟ್ಟಿಕೊಂಡಿರುವ ಅನುಮಾನ ಮೊದಲು ಬರಬೇಕು. ಎಂಜಿನ್ ಬಿಸಿಯಿರುವಾಗಲೇ ಆಫ್ ಮಾಡಿ ಕೀ ಕೈಗೆ ತೆಗೆದುಕೊಂಡು, ಮೇಸ್ತ್ರಿ ಫ್ಯಾನನ್ನು ಕೈಯಲ್ಲಿ ತಿರುಗಿಸಿದರು. ಫ್ಯಾನನ್ನು ಎಂಜಿನ್‌ಗೆ ಜೋಡಿಸುವ ವಿಸ್ಕಸ್ ಕ್ಲಚ್ ಸರಿಯಿದ್ದರೆ ಬಿಸಿಯಲ್ಲಿ ಜಿಗುಟಾಗಿ ತಡೆಯಬೇಕು. ನನ್ನದು ಕೈ ಬಿಟ್ಟ ಮೇಲೂ ಆರಾಮಾಗಿ ಸುತ್ತಿತು. ಒಳಗಿನ ಸಿಲಿಕೋನ್ ಆಯಿಲ್ ಸೋರಿ ಹೋಗಿತ್ತು. ಕ್ಲಚ್ ಬದಲಿಸಿ ಅದೇ ಲೋಡ್‌ನಲ್ಲಿ ಅದೇ ಏರು ಹತ್ತಿಸಿದಾಗ 94ರ ಮೇಲೆ ಹೋಗಲಿಲ್ಲ. ಏರಿನ ನಡುವೆ ಫ್ಯಾನ್ ಹಿಡಿದುಕೊಂಡು ಭರ್ರೆಂದು ಸದ್ದು ಮಾಡುವುದು, ಅದರ ಹಿಂದೆಯೇ ಅಂಕಿ ಇಳಿಯುವುದು ಎರಡೂ ಈಗ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಬಝರನ್ನು 100ಕ್ಕೆ ಇಟ್ಟಿದ್ದೇನೆ. ನಿಮ್ಮ ಗಾಡಿಗೆ ಅದೇ ಅಂಕಿ ಸರಿಯಾಗಬೇಕಿಲ್ಲ. ಮೊದಲು ಎಲ್ಲ ಬಗೆಯ ರಸ್ತೆಯಲ್ಲಿ ಓಡಿಸಿ ಅತಿ ಹೆಚ್ಚು ಎಷ್ಟು ಹೋಗುತ್ತದೆಂದು ನೋಡಿ, ಅದಕ್ಕೆ ಐದಾರು ಡಿಗ್ರಿ ಸೇರಿಸಿ ಇಡಿ. ಬಝರ್ ಕೂಗಿದರೆ ಆಕ್ಸಲರೇಟರ್ ಸಡಿಲಿಸಿ, ಏಸಿ ನಿಲ್ಲಿಸಿ, ಹೀಟರ್ ತೆರೆಯಿರಿ. ಹೀಟರ್‌ನಿಂದ ಬಿಸಿ ಗಾಳಿ ಬರುತ್ತಿದ್ದರೆ ನೀರು ಇನ್ನೂ ಇದೆ ಎಂದರ್ಥ, ಐಡಲ್‌ನಲ್ಲಿ ತಣಿಸಬಹುದು. ತಣ್ಣನೆ ಗಾಳಿ ಬಂದರೆ, ಅಥವಾ ಬಾನೆಟ್‌ನಿಂದ ಹಬೆ ಎದ್ದರೆ, ಕೂಡಲೇ ಎಂಜಿನ್ ಆಫ್ ಮಾಡಿ.

ಖರ್ಚಿನ ಬಗ್ಗೆ ಕೇಳುವವರಿಗೆ: ಗೇಜ್ ಕೊಳ್ಳುವಾಗ ಅದರ ಬೆಲೆಯೊಂದನ್ನೇ ಲೆಕ್ಕ ಹಾಕಬೇಡಿ. ಬುಷ್, ಲೇತ್, ಕೂಲೆಂಟ್, ಸೀಲೆಂಟ್, ಫ್ಯೂಸ್ ಟ್ಯಾಪ್, ಕೊಳವೆ, ಪ್ಯಾನೆಲ್ ಎಲ್ಲ ಸೇರಿ ಹತ್ತಿರ ಹತ್ತಿರ ಇನ್ನೊಂದು ಗೇಜ್‌ನಷ್ಟು ಆಗುತ್ತದೆ. ಫ್ಯಾನ್ ಕ್ಲಚ್ ಇದಕ್ಕೆ ಹೊರತು, ಅದು ಗೇಜ್ ಇಲ್ಲದಿದ್ದರೂ ಇಂದಲ್ಲ ನಾಳೆ ಬರಲಿದ್ದ ಖರ್ಚು.

ಕೂಲೆಂಟ್ ಮಟ್ಟ ತೋರಿಸುವ ಅಲಾರಂ ಒಂದನ್ನು ಈಗ ತರಿಸುತ್ತಿದ್ದೇನೆ, ನೀರು ಪೂರ್ತಿ ಹೋದಾಗ ಈ ಸೆನ್ಸರ್ ಒಂದನ್ನೇ ನೆಚ್ಚಲಾಗದು ಎಂಬ ಕಾರಣಕ್ಕೆ. ಹೊಸದಾಗಿ ಸೆನ್ಸರ್ ಹಾಕಿದವರು ಮೊದಲ ಕೆಲವು ದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬುಷ್ ಸುತ್ತ ಟಿಶ್ಯೂ ಕಾಗದ ಒತ್ತಿ ತೇವ ಇದೆಯೇ ನೋಡಿ, ರಿಸರ್ವ್ ಡಬ್ಬದಲ್ಲಿ ಕೂಲೆಂಟ್ ಗೆರೆಗಿಂತ ಇಳಿದಿದ್ದರೆ ತುಂಬಿಸಿ. ನನ್ನದರಲ್ಲಿ ಮೊದಲ ವಾರ ಸ್ವಲ್ಪ ಇಳಿದು ಆಮೇಲೆ ನಿಂತಿತು; ಬುಷ್ ಸುತ್ತ ಒಣಗಿಯೇ ಇದೆ.